ಮಗ್ಗದೆರೆಯಿಂದ ಉಚಿತ ನೋಂದಣಿಯವರೆಗೆ: ಹೊಸೂರು–ಕೃಷ್ಣಗಿರಿ ಸೀಮೆಯ ಮನೆಕಸುಬುಗಳು

ಹೊಸೂರು–ಕೃಷ್ಣಗಿರಿ ಸೀಮೆಯಲ್ಲಿ ಮನೆಯೊಳಗೇ ನಡೆಯುವ ಕಸುಬುಗಳಿಗೆ ಬಹಳ ಹಳೆಯ ಚರಿತ್ರೆಯಿದೆ. ಕಂಬಳಿ ಮಗ್ಗ, ಎಣ್ಣೆಗಾಣ, ಕುಂಬಾರನ ತಿಗರಿ, ರೇಷ್ಮೆ ಹುಳುವಿನ ತಟ್ಟೆ, ಹೊಲಿಗೆ ಯಂತ್ರ, ದೋಸೆ ಹಿಟ್ಟು ರುಬ್ಬುವ ಗ್ರೈಂಡರು ಇವೆಲ್ಲ ಒಂದೊಂದು ಕಾಲದಲ್ಲಿ ಇಲ್ಲಿನ ಮನೆಗಳಿಗೆ ಅನ್ನ ಕೊಟ್ಟ ಸಾಧನಗಳು. ಈ ಸಾಧನಗಳ ಬಗ್ಗೆ ಆಳುವವರು ತಳೆದ ನಿಲುವು ಮಾತ್ರ ಒಂದೇ ರೀತಿ ಇರಲಿಲ್ಲ. ಮೊದಲು ಅವುಗಳ ಮೇಲೆ ತೆರಿಗೆ ಹಾಕಿದರು. ಆಮೇಲೆ ಕಸುಬಿಗೆ ಬೇಕಾದ ಬೀಜವನ್ನೂ ತಿಳಿವಳಿಕೆಯನ್ನೂ ಸರ್ಕಾರವೇ ಒದಗಿಸಿತು. ಮುಂದೆ ಸಾಲ ಮನೆಬಾಗಿಲಿಗೆ ಬಂತು. ಕೊನೆಗೆ ಯಂತ್ರ, ತರಬೇತಿ, ನೋಂದಣಿ ಎಲ್ಲವೂ ಉಚಿತವಾಗಿ ಸಿಗುವ ಕಾಲ ಬಂತು.

ಸೀಮೆ ಮತ್ತು ಆಡಳಿತ

ತಮಿಳುನಾಡಿನ ಇಂದಿನ ಕೃಷ್ಣಗಿರಿ ಜಿಲ್ಲೆ ಎರಡು ಬಗೆಯ ನೆಲವನ್ನು ಒಳಗೊಂಡಿದೆ. ಹೊಸೂರು, ತಳಿ, ದೆಂಕಣಿಕೋಟೆ, ಕೆಲಮಂಗಲಗಳ ಕಡೆ ಮೈಸೂರು ಪ್ರಸ್ಥಭೂಮಿಯ ಮುಂದುವರಿಕೆಯಾದ ಎತ್ತರದ ನೆಲವಿದೆ. ಹಳೆಯ ಕಂದಾಯ ದಾಖಲೆಗಳು ಇದನ್ನು ಬಾಲಾಘಾಟ್ ಎಂದು ಕರೆಯುತ್ತವೆ. ಘಟ್ಟ ಇಳಿದರೆ ಕೃಷ್ಣಗಿರಿಯ ಬಯಲು. ಅದು ಬಾರಾಮಹಲಿನ ಭಾಗ. 13ನೆಯ ಶತಮಾನದಲ್ಲಿ ಹೊಯ್ಸಳ ರಾಮನಾಥ ಹೊಸೂರಿನ ಹತ್ತಿರದ ಕುಂದಾಣಿಯಿಂದ ಆಳಿದ. ವಿಜಯನಗರದ ಬಳಿಕ ಸೀಮೆ ಮೈಸೂರಿನ ಕೈಗೆ ಬಂತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಬಾರಾಮಹಲನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಹೊಸೂರಿನ ಮೇಲ್ನಾಡು 1799ರಲ್ಲಿ, ಅವನು ಮಡಿದ ಬಳಿಕ, ಕಂಪನಿಗೆ ಸೇರಿತು. ಎರಡೂ ಭಾಗಗಳು ಸೇಲಂ ಜಿಲ್ಲೆಯಲ್ಲಿ ಒಂದಾದವು. 1965ರ ಅಕ್ಟೋಬರ್ 2ರಂದು ಧರ್ಮಪುರಿ ಜಿಲ್ಲೆಯೂ 2004ರ ಫೆಬ್ರವರಿ 9ರಂದು ಕೃಷ್ಣಗಿರಿ ಜಿಲ್ಲೆಯೂ ಹುಟ್ಟಿದವು.

ರಾಜಕೀಯ ಗಡಿ ಬದಲಾದಂತೆ ಜನರ ಮಾತು ಬದಲಾಗಲಿಲ್ಲ. ಮೇಲ್ನಾಡಿನ ಹಳ್ಳಿಗಳಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತುಗಳು. ಸಂತೆಯಲ್ಲಿ ಒಂದೇ ವ್ಯಾಪಾರ ಮೂರು ಭಾಷೆಗಳಲ್ಲಿ ನಡೆಯುತ್ತದೆ. ಬೆಂಗಳೂರು ಹೊಸೂರಿನಿಂದ ಸುಮಾರು 40 ಕಿಲೋಮೀಟರು. ರಾಜಧಾನಿ ಚೆನ್ನೈ ಅದರ ಏಳೆಂಟು ಪಟ್ಟು ದೂರ. ಇಲ್ಲಿನ ಮನೆಕಸುಬಿನ ಸರಕು ಯಾವ ದಿಕ್ಕಿಗೆ ಹೋಗುತ್ತದೆ, ಸರ್ಕಾರದ ನೆರವು ಯಾವ ದಿಕ್ಕಿನಿಂದ ಬರುತ್ತದೆ ಎಂಬುದನ್ನು ಈ ಎರಡು ದೂರಗಳೇ ಹೇಳುತ್ತವೆ.

ಸಾಧನದ ಮೇಲೆ ತೆರಿಗೆ

ವಿಜಯನಗರ ಕಾಲದ ಶಾಸನಗಳಲ್ಲಿ ಮಗ್ಗದೆರೆ, ಗಾಣದೆರೆಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ನೇಕಾರ ಎಷ್ಟು ನೇಯ್ದ, ಎಷ್ಟು ಮಾರಿದ ಎಂದು ಲೆಕ್ಕ ಹಿಡಿಯುವುದು ಕಷ್ಟ. ಮನೆಯಲ್ಲಿ ಎಷ್ಟು ಮಗ್ಗ ಇವೆ ಎಂದು ಎಣಿಸುವುದು ಸುಲಭ. ಹಾಗಾಗಿ ತೆರಿಗೆ ಗಳಿಕೆಯ ಮೇಲೆ ಬೀಳದೆ ಸಾಧನದ ಮೇಲೆ ಬಿತ್ತು. ಮಗ್ಗ ಮೂಲೆ ಸೇರಿದ್ದರೂ ತೆರಿಗೆಯ ಭಯ ತಪ್ಪುತ್ತಿರಲಿಲ್ಲ. ಎರಡನೆಯ ಮಗ್ಗ ಹೂಡುವ ಮುನ್ನ ಮನೆಯ ಯಜಮಾನ ಎರಡು ಬಾರಿ ಯೋಚಿಸಬೇಕಿತ್ತು. ಊರು ಬಿಟ್ಟು ಹೋದ ನೇಕಾರರನ್ನು ಮರಳಿ ಕರೆತರಲು ಕೆಲವು ವರ್ಷಗಳ ತೆರಿಗೆ ಮಾಫಿ ಮಾಡಿದ ನಿದರ್ಶನಗಳೂ ಆ ಕಾಲದಲ್ಲಿವೆ. ಮನೆಕಸುಬಿಗೆ ಅಧಿಕಾರದಿಂದ ಸಿಕ್ಕ ಮೊದಲ ಬಗೆಯ ನೆರವು ಈ ಮಾಫಿಯೇ.

ಸಾಧನದ ಮೇಲೆ ತೆರಿಗೆ ಹಾಕುವ ಪದ್ಧತಿಯನ್ನು ಕಂಪನಿ ಆಡಳಿತವೂ ಮುಂದುವರಿಸಿತು. 1792ರಿಂದ 1799ರವರೆಗೆ ಬಾರಾಮಹಲನ್ನು ನೋಡಿಕೊಂಡ ಅಲೆಕ್ಸಾಂಡರ್ ರೀಡ್ ಮತ್ತು ಅವನ ಸಹಾಯಕ ಥಾಮಸ್ ಮನ್ರೋ, ರೈತನಿಂದ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿಗೆ ಇಲ್ಲಿಯೇ ರೂಪು ಕೊಟ್ಟರು. ಅವರ ಕಾಲದ ಕಾಗದಪತ್ರಗಳು ಬಾರಾಮಹಲ್ ದಾಖಲೆಗಳೆಂಬ ಹೆಸರಿನಲ್ಲಿ ಮುಂದೆ ಅಚ್ಚಾದವು. ಭೂಮಿಯ ಕಂದಾಯದ ಜೊತೆಗೆ ಮನೆ, ಅಂಗಡಿ, ಮಗ್ಗ, ಕಸುಬುಗಳ ಮೇಲೆ ಹೇರುವ ಮೊಹತರ್ಫಾ ಮದ್ರಾಸ್ ಪ್ರಾಂತದಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಉಳಿಯಿತು. ಅದರ ಹೊರೆ ಬಡ ಕುಶಲಕರ್ಮಿಗಳ ಮೇಲೆಯೇ ಹೆಚ್ಚೆಂಬ ದೂರು ಮದ್ರಾಸಿನಿಂದ ಲಂಡನ್ನಿನ ಪಾರ್ಲಿಮೆಂಟಿನವರೆಗೂ ಹೋಯಿತು. 1860ರಲ್ಲಿ ಆದಾಯ ತೆರಿಗೆ ಬಂದ ಬೆನ್ನಿಗೇ ಮೊಹತರ್ಫಾ ರದ್ದಾಯಿತು. ಮಗ್ಗಕ್ಕೆ ತೆರಿಗೆ ತಪ್ಪುವ ಹೊತ್ತಿಗೆ ಮ್ಯಾಂಚೆಸ್ಟರಿನ ಬಟ್ಟೆ ಪೇಟೆಯನ್ನು ತುಂಬಿತ್ತು.

ಕಂಬಳಿ ಮತ್ತು ಹುಣಸೆ

ಗಿರಣಿ ಬಟ್ಟೆಯ ಹೊಡೆತಕ್ಕೆ ಸಿಗದೆ ಉಳಿದ ಕಸುಬುಗಳಲ್ಲಿ ಕಂಬಳಿ ನೇಯ್ಗೆ ಒಂದು. ಮೇಲ್ನಾಡಿನ ಕುರುಬರು ಕುರಿ ಸಾಕಿ, ಉಣ್ಣೆ ಕತ್ತರಿಸಿ, ಮನೆಯಲ್ಲೇ ನೂತು ನೇಯುತ್ತಿದ್ದರು. ಕದಿರು ಹೆಂಗಸರ ಕೈಯಲ್ಲಿ, ಗುಂಡಿಮಗ್ಗ ಗಂಡಸರ ಕೈಯಲ್ಲಿ. ಹಾಸಿನ ನೂಲಿಗೆ ಬಿಗಿ ಬರಲು ಹುಣಸೆಬೀಜದ ಗಂಜಿ ಹಚ್ಚುವುದು ವಾಡಿಕೆ. ಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು, ಕಾಯಿಸಿದ ಗಂಜಿಯನ್ನು ಹುಲ್ಲಿನ ಕುಂಚದಲ್ಲಿ ನೂಲಿನ ಉದ್ದಕ್ಕೂ ಎಳೆಯುತ್ತಿದ್ದರು. ಹೊರಗಿನಿಂದ ಕೊಳ್ಳಬೇಕಾದ ಸಾಮಾನು ಈ ಕಸುಬಿಗೆ ಬಹಳ ಕಡಿಮೆ. ಕುರಿ, ಹುಣಸೆ, ಮರದ ಮಗ್ಗ ಮೂರೂ ಊರಲ್ಲೇ ಇದ್ದವು.

ಹುಣಸೆಯ ಕಥೆ ಬೇರೆ. ಕೃಷ್ಣಗಿರಿಯ ಬಯಲಿನಲ್ಲಿ ರಸ್ತೆಬದಿ, ಹೊಲದ ಬದು, ಕೆರೆಯ ಏರಿ ಎಲ್ಲೆಲ್ಲೂ ಹುಣಸೆ ಮರಗಳು. ಬೇಸಿಗೆಗೆ ಮುನ್ನ ಕಾಯಿ ಬಡಿದ ಮೇಲೆ ಹಣ್ಣು ಮೂಟೆಗಳಲ್ಲಿ ಮನೆಗಳ ಜಗುಲಿಗೆ ಬರುತ್ತದೆ. ಓಡು ಒಡೆದು, ನಾರು ಎಳೆದು, ಕಲ್ಲಿನ ಮೇಲಿಟ್ಟು ಸಣ್ಣ ಕೊಡತಿಯಿಂದ ಕುಟ್ಟಿ ಬೀಜ ಬೇರ್ಪಡಿಸುವುದು ಹೆಂಗಸರ ಕೆಲಸ. ಕೂಲಿಯ ಲೆಕ್ಕ ಕಿಲೋಗೆ ಇಷ್ಟು ಎಂದು. ಹಣ್ಣು ವ್ಯಾಪಾರಿಯದು, ಜಾಗವೂ ಸಾಧನವೂ ಕೆಲಸಗಾರ್ತಿಯವು. ಮನೆಯಲ್ಲೇ ಕೂತು ಕೆಲಸ ಮಾಡಿದ ಮಾತ್ರಕ್ಕೆ ಅದು ಸ್ವಂತ ವ್ಯಾಪಾರವಾಗುವುದಿಲ್ಲ. ಬೆಲೆ ಏರುವವರೆಗೆ ಹಣ್ಣನ್ನು ಹಿಡಿದಿಟ್ಟುಕೊಳ್ಳಲು ಬಂಡವಾಳ ಬೇಕು. ಅದು ಇಲ್ಲದ ಕಾರಣಕ್ಕೆ ತಲೆಮಾರುಗಳ ಕಾಲ ಕುಟ್ಟುವವರು ಕೂಲಿಗಾರರಾಗಿಯೇ ಉಳಿದರು. ಮುಂದೆ ಬಂದ ಯೋಜನೆಗಳು ಎದುರಿಸಿದ ಮೂಲ ಪ್ರಶ್ನೆಯೂ ಇದೇ: ಕೊರತೆ ಇರುವುದು ಸಾಧನದ್ದೋ, ಕಲಿಕೆಯದ್ದೋ, ಕೈಯಲ್ಲಿನ ಹಣದ್ದೋ?

ಖಾದಿಯ ನಡುಗಾಲ

ಈ ಪ್ರಶ್ನೆಗೆ ಗಾಂಧಿಯುಗ ಕೊಟ್ಟ ಉತ್ತರ ಚರಕ. ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ಚಕ್ರವರ್ತಿ ರಾಜಗೋಪಾಲಾಚಾರಿ 1925ರಲ್ಲಿ ತಿರುಚೆಂಗೋಡಿನ ಬಳಿಯ ಪುದುಪಾಳೆಯದಲ್ಲಿ ಗಾಂಧಿ ಆಶ್ರಮ ತೆರೆದರು. ಆಗ ಅದೂ ಸೇಲಂ ಜಿಲ್ಲೆಯೇ. ಮಳೆ ಕೈಕೊಟ್ಟ ವರ್ಷಗಳಲ್ಲಿ ರೈತ ಮನೆಗಳಿಗೆ ಹತ್ತಿ ಕೊಟ್ಟು, ನೂಲು ಕೊಂಡು, ನೇಯಿಸಿ ಮಾರುವುದು ಆಶ್ರಮದ ಕ್ರಮ. ಕಚ್ಚಾವಸ್ತುವೂ ಮಾರಾಟವೂ ಸಂಸ್ಥೆಯ ಹೊಣೆ. ಮನೆಯವರು ಕೊಡಬೇಕಾದ್ದು ಬಿಡುವಿನ ವೇಳೆ ಮಾತ್ರ. ಅದೇ ವರ್ಷ ಹುಟ್ಟಿದ ಅಖಿಲ ಭಾರತ ಚರಕ ಸಂಘ ಈ ಕ್ರಮವನ್ನು ದೇಶದ ತುಂಬ ಹರಡಿತು. ಸ್ವಾತಂತ್ರ್ಯದ ನಂತರ ಆ ಹೊಣೆ 1957ರಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗಕ್ಕೆ ಬಂತು.

ರೇಷ್ಮೆ: ಮೊಟ್ಟೆಯೂ ತಿಳಿವಳಿಕೆಯೂ

ಮೇಲ್ನಾಡಿನ ಮನೆಗಳಿಗೆ ನಗದು ತಂದ ಕಸುಬೆಂದರೆ ರೇಷ್ಮೆ. ಟಿಪ್ಪು ಬಂಗಾಳದಿಂದ ಹುಳು ತರಿಸಿ ಮೈಸೂರು ರಾಜ್ಯದಲ್ಲಿ ರೇಷ್ಮೆ ಬೆಳೆಸಿದ ಕಾಲದಲ್ಲಿ ಹೊಸೂರು ಅವನ ರಾಜ್ಯದೊಳಗೇ ಇತ್ತು. ಕಂಪನಿಯ ಆಳ್ವಿಕೆಯಲ್ಲಿ ಹೊಸೂರು ಮದ್ರಾಸಿಗೆ ಸೇರಿದರೂ ಹುಳುವಿನ ತಳಿ, ಸಾಕುವ ಕ್ರಮ, ಗೂಡಿನ ಮಾರುಕಟ್ಟೆ ಎಲ್ಲವೂ ಮೈಸೂರಿನ ಕಡೆಗೇ ಅಂಟಿಕೊಂಡಿದ್ದವು. ಮದ್ರಾಸ್ ಪ್ರಾಂತದ ದೊಡ್ಡ ರೇಷ್ಮೆ ಸೀಮೆ ಕೊಳ್ಳೇಗಾಲ. ಅದು ಆಗ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ, 1956ರ ನವೆಂಬರ್ 1ರಂದು, ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಹೋಯಿತು. ಹೊಸೂರು ಮತ್ತು ತಾಳವಾಡಿ ಮದ್ರಾಸಿನಲ್ಲಿ ಉಳಿದವು. ಕೊಳ್ಳೇಗಾಲವನ್ನು ಕಳೆದುಕೊಂಡ ರಾಜ್ಯ ಉಳಿದ ಈ ಸೀಮೆಗಳ ಮೇಲೆಯೇ ತನ್ನ ರೇಷ್ಮೆ ಕೃಷಿಯನ್ನು ಕಟ್ಟಬೇಕಾಯಿತು.

ರೇಷ್ಮೆ ಸಾಕಣೆ ಮನೆಗೆ ಒಗ್ಗಿದ್ದಕ್ಕೆ ಕಾರಣ ಅದರ ಕೆಲಸದ ಲಯ. ರೈತರು ‘ಒಂದು ಮೊಟ್ಟೆ’ ಎಂದರೆ ಒಂದು ಚಿಟ್ಟೆ ಇಟ್ಟ ಇಡೀ ಕಂತೆ. ಅದರಲ್ಲಿ 400ರಿಂದ 500 ಮೊಟ್ಟೆಗಳಿರುತ್ತವೆ. ಮರಿಯಾದ ಹುಳು 24ರಿಂದ 28 ದಿನ ಸೊಪ್ಪು ತಿಂದು ಬೆಳೆಯುತ್ತದೆ. ನಡುವೆ ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿ ನಿಶ್ಚಲವಾಗಿ ನಿಂತು ಪೊರೆ ಕಳಚುತ್ತದೆ. ಇದನ್ನು ಜ್ವರ ಎನ್ನುತ್ತಾರೆ. ಎರಡನೆಯ ಜ್ವರದವರೆಗಿನದು ಚಾಕಿ ಹುಳು. ಎಳೆಯ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ಸೊಪ್ಪಿನ ಬಹುಪಾಲು ಖರ್ಚಾಗುವುದು ನಾಲ್ಕನೆಯ ಜ್ವರ ಎದ್ದ ಮೇಲಿನ ಒಂದು ವಾರದಲ್ಲಿ. ಆಗ ಹುಳುಮನೆಯಲ್ಲಿ ಮೇಯುವ ಸದ್ದು ಸಣ್ಣ ಮಳೆ ಬಿದ್ದಂತೆ ಕೇಳಿಸುತ್ತದೆ. ಮನೆಮಂದಿಗೆ ಹಗಲೂ ರಾತ್ರಿಯೂ ಬಿಡುವಿಲ್ಲ. ಹಣ್ಣಾದ ಹುಳುವನ್ನು ಆರಿಸಿ ಬಿದಿರಿನ ಚಂದ್ರಿಕೆಗೆ ಬಿಟ್ಟರೆ ಎರಡು ಮೂರು ದಿನದಲ್ಲಿ ಗೂಡು ಕಟ್ಟುತ್ತದೆ. ಬಿತ್ತನೆಯಿಂದ ಹಣದವರೆಗೆ ಸುಮಾರು ಒಂದು ತಿಂಗಳು. ಮಳೆಯ ರಾಗಿಗಾದರೆ ನಾಲ್ಕು ತಿಂಗಳು ಕಾಯಬೇಕು.

ಈ ಕಸುಬಿನ ದೊಡ್ಡ ಶತ್ರು ರೋಗ. ಗಂಟುರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಬರುತ್ತದೆ; ಮೊಟ್ಟೆಯನ್ನು ಬರಿಗಣ್ಣಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ರೋಗಾಣು ಕಂಡರೆ ಆ ಕಂತೆಯನ್ನೇ ಸುಡಬೇಕು. ಲೂಯಿ ಪಾಶ್ಚರ್ 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಕಂಡುಹಿಡಿದ ಈ ಪರೀಕ್ಷೆ ಒಂದು ಮನೆಯ ಕೈಲಾಗುವ ಕೆಲಸವಲ್ಲ. ಅದಕ್ಕೇ ಸರ್ಕಾರದ ಬಿತ್ತನೆ ಕೇಂದ್ರ ಬೇಕಾಯಿತು. ರೋಗವಿಲ್ಲದ ಮೊಟ್ಟೆಯನ್ನು ಕಡಿಮೆ ಬೆಲೆಗೆ ಕೊಡುವುದು, ಹಿಪ್ಪುನೇರಳೆ ಕಡ್ಡಿ ಹಂಚುವುದು, ಹುಳುಮನೆಗೆ ಬಂದು ಸಲಹೆ ಹೇಳುವುದು ಸರ್ಕಾರಿ ರೇಷ್ಮೆ ಕ್ಷೇತ್ರಗಳ ಕೆಲಸವಾಯಿತು. ಕೇಂದ್ರ ರೇಷ್ಮೆ ಮಂಡಳಿ 1949ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಲ್ಲಿ ನೆಲೆಸಿತು. 1979ರಲ್ಲಿ ತಮಿಳುನಾಡು ರೇಷ್ಮೆಗೆ ಪ್ರತ್ಯೇಕ ಇಲಾಖೆ ಮಾಡಿತು. ಹೊಸೂರಿನಲ್ಲಿ ರಾಜ್ಯದ ರೇಷ್ಮೆ ತರಬೇತಿ ಸಂಸ್ಥೆ ಬಂತು. 1990ರ ದಶಕದ ಆರಂಭದಲ್ಲಿ ಹಿಪ್ಪುನೇರಳೆ ಮತ್ತು ರೇಷ್ಮೆಹುಳುಗಳ ತಳಿಗಳನ್ನು ಕಾಪಾಡುವ ಕೇಂದ್ರ ಸಂಸ್ಥೆಯೂ ಇಲ್ಲೇ ನೆಲೆಗೊಂಡಿತು. ಮೈಸೂರಿನ ಸಂಶೋಧನಾ ಸಂಸ್ಥೆ ಬೆಳೆಸಿದ ವಿ-1 ಹಿಪ್ಪುನೇರಳೆ ತಳಿ ಗಡಿ ದಾಟಿ ಇಲ್ಲಿನ ತೋಟಗಳಿಗೆ ಬಂತು. ಎಲೆ ಕೊಯ್ದು ತಟ್ಟೆಗೆ ಹಾಕುವ ಬದಲು ರೆಂಬೆಯನ್ನೇ ಕತ್ತರಿಸಿ ಹಾಸಿಗೆಗೆ ಹಾಕುವ ಪದ್ಧತಿ ಬಂದ ಮೇಲೆ ಆಳುಗಳ ಅಗತ್ಯ ಕಡಿಮೆಯಾಯಿತು. ಆದರೆ ಹುಳು ಅಡುಗೆಮನೆ ಪಕ್ಕದ ಕೋಣೆ ಬಿಟ್ಟು ಪ್ರತ್ಯೇಕ ಹುಳುಮನೆಗೆ ಹೋಯಿತು. ಅದನ್ನು ಕಟ್ಟಲು ಸಹಾಯಧನ ಬೇಕಾಯಿತು.

ಗೂಡು ಮಾರುವ ಜಾಗವೂ ಗಡಿಯ ಎರಡೂ ಕಡೆ ಇದೆ. ಹೊಸೂರು, ಕೃಷ್ಣಗಿರಿ, ಧರ್ಮಪುರಿಗಳಲ್ಲಿ ಸರ್ಕಾರದ ಗೂಡಿನ ಮಾರುಕಟ್ಟೆಗಳಿವೆ. ಬೆಲೆ ಚೆನ್ನಾಗಿದೆ ಎಂದು ತಿಳಿದರೆ ರೈತ ಮೂಟೆ ಹೊತ್ತು ರಾಮನಗರಕ್ಕೆ ಹೋಗುವುದೂ ಉಂಟು.

ತರಬೇತಿ ಮತ್ತು ಹತಾರದ ಪೆಟ್ಟಿಗೆ

1970ರ ದಶಕದ ಕೊನೆಯಲ್ಲಿ ಸಣ್ಣ ಕಸುಬಿಗೆ ಕಚೇರಿಗಳ ನೆರವು ಜಿಲ್ಲಾಮಟ್ಟಕ್ಕೆ ಇಳಿಯಿತು. 1978ರಲ್ಲಿ ಜಿಲ್ಲಾ ಕೈಗಾರಿಕಾ ಕೇಂದ್ರಗಳು ಆರಂಭವಾದವು. 1979ರ ಆಗಸ್ಟ್ 15ರಂದು ಗ್ರಾಮೀಣ ಯುವಜನರಿಗೆ ಸ್ವಯಂ ಉದ್ಯೋಗ ತರಬೇತಿ ಕೊಡುವ ಟ್ರೈಸೆಮ್ ಬಂತು. 1982ರಲ್ಲಿ ಹಳ್ಳಿ ಹೆಂಗಸರು, ಮಕ್ಕಳಿಗಾಗಿ ಡ್ವಾಕ್ರಾ ಬಂತು. 1992ರಲ್ಲಿ ಕುಶಲಕರ್ಮಿಗಳಿಗೆ ಸುಧಾರಿತ ಹತಾರ ಒದಗಿಸುವ ಸಿತ್ರ ಯೋಜನೆ ಶುರುವಾಯಿತು. ಅದರಲ್ಲಿ ಸುಮಾರು 2,000 ರೂಪಾಯಿಯ ಹತಾರದ ಪೆಟ್ಟಿಗೆಗೆ ಫಲಾನುಭವಿ ಕೊಡಬೇಕಾದ್ದು ಶೇ 10 ಮಾತ್ರ. ಉಳಿದದ್ದು ಸರ್ಕಾರದ ಪಾಲು. ಬಡಗಿಗೆ ಉಳಿ, ಕೈಬಾಚಿ, ಗರಗಸ, ಕುಂಬಾರನಿಗೆ ಹಗುರವಾಗಿ ತಿರುಗುವ ತಿಗರಿ, ದರ್ಜಿಗೆ ಯಂತ್ರ. ಇಂಥ ಬಿಡಿಬಿಡಿ ಯೋಜನೆಗಳನ್ನೆಲ್ಲ 1999ರ ಏಪ್ರಿಲ್ 1ರಿಂದ ಸ್ವರ್ಣಜಯಂತಿ ಗ್ರಾಮ ಸ್ವರೋಜಗಾರ್ ಯೋಜನೆಯಲ್ಲಿ ಸೇರಿಸಲಾಯಿತು. ತರಬೇತಿ ಒಂದು ಇಲಾಖೆಯಿಂದ, ಹತಾರ ಇನ್ನೊಂದರಿಂದ, ಸಾಲ ಬ್ಯಾಂಕಿನಿಂದ ಬರುತ್ತಿತ್ತು. ಒಂದು ಬಂದಾಗ ಇನ್ನೊಂದು ಇರುತ್ತಿರಲಿಲ್ಲ ಎಂಬುದು ಈ ವಿಲೀನಕ್ಕೆ ಕಾರಣ.

ಉಚಿತ ತರಬೇತಿಯ ಗಟ್ಟಿ ಮಾದರಿ ಬಂದದ್ದು ಕನ್ನಡನಾಡಿನಿಂದ. ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್‌ಗಳ ಜೊತೆಗೂಡಿ 1982ರಲ್ಲಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯಲ್ಲಿ ಕಲಿಕೆ, ಊಟ, ವಸತಿ ಮೂರೂ ಉಚಿತ. ಕೆಲವೇ ವಾರಗಳಲ್ಲಿ ಕಸುಬು ಕಲಿಸಿ, ಬ್ಯಾಂಕಿನ ಜೊತೆ ನಂಟು ಬೆಳೆಸಿ, ಮನೆಗೆ ಕಳಿಸಿದ ಮೇಲೂ ಎರಡು ವರ್ಷ ಬೆನ್ನಿಗಿರುವುದು ಅದರ ಕ್ರಮ. ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ 2009ರಲ್ಲಿ ಇದೇ ಮಾದರಿಯನ್ನು ದೇಶದ ಜಿಲ್ಲೆಗಳಿಗೆಲ್ಲ ವಿಸ್ತರಿಸಲು ಹೊರಟಿತು; ಪ್ರತಿ ಜಿಲ್ಲೆಯ ಲೀಡ್ ಬ್ಯಾಂಕಿಗೆ ಹೊಣೆ ವಹಿಸಿತು. ಕೃಷ್ಣಗಿರಿಯಲ್ಲಿ ಆ ಹೊಣೆ ಇಂಡಿಯನ್ ಬ್ಯಾಂಕಿನದು. ಹೊಲಿಗೆ, ಹೈನುಗಾರಿಕೆ, ಸೌಂದರ್ಯ ಸೇವೆ, ಮೊಬೈಲ್ ರಿಪೇರಿ ಇಂಥವು ಈ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ಕಲಿಸುವ ಕಸುಬುಗಳು.

ಸಂಘದ ಪುಸ್ತಕ

ಬಂಡವಾಳದ ಪ್ರಶ್ನೆಗೆ ಈ ಸೀಮೆ ಕಂಡುಕೊಂಡ ಉತ್ತರ ದೇಶಕ್ಕೇ ದಾರಿಯಾಯಿತು. 1968ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೈರಾಡ ಸಂಸ್ಥೆ 1980ರ ದಶಕದ ನಡುವೆ ಒಂದು ಸಂಗತಿಯನ್ನು ಗಮನಿಸಿತು. ದೊಡ್ಡ ಸಹಕಾರ ಸಂಘಗಳು ಜಗಳದಲ್ಲಿ ಒಡೆದ ಕಡೆ, ಒಬ್ಬರನ್ನೊಬ್ಬರು ನಂಬುವ ಸಣ್ಣ ಸಣ್ಣ ಗುಂಪುಗಳು ತಾವಾಗಿಯೇ ಸಾಲ ತೀರಿಸಲು ಮುಂದೆ ಬಂದವು. ಸಂಸ್ಥೆ ಆ ಗುಂಪುಗಳನ್ನೇ ಉಳಿತಾಯ ಸಂಘಗಳಾಗಿ ಬೆಳೆಸಿತು. 1987ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕಾದ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ನೆರವು ಕೊಟ್ಟಿತು. 1992ರಲ್ಲಿ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಾಯೋಗಿಕ ಯೋಜನೆಯನ್ನು ತಾನೇ ಆರಂಭಿಸಿತು.

ಅಷ್ಟರಲ್ಲಿ ತಮಿಳುನಾಡಿನಲ್ಲಿ ಇನ್ನೊಂದು ಹೆಜ್ಜೆ ಬಿದ್ದಿತ್ತು. 1983ರಲ್ಲಿ ಸ್ಥಾಪನೆಯಾದ ರಾಜ್ಯದ ಮಹಿಳಾ ಅಭಿವೃದ್ಧಿ ನಿಗಮ, ವಿಶ್ವಸಂಸ್ಥೆಯ ಕೃಷಿ ಅಭಿವೃದ್ಧಿ ನಿಧಿಯಾದ ಇಫಾಡ್‌ನ ನೆರವಿನಿಂದ 1989ರಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಯೋಜನೆ ಶುರು ಮಾಡಿತು. ಮೊದಲು ಆರಿಸಿಕೊಂಡದ್ದು ಧರ್ಮಪುರಿ ಜಿಲ್ಲೆ. ಹೊಸೂರು, ದೆಂಕಣಿಕೋಟೆ, ಕೃಷ್ಣಗಿರಿಗಳು ಆಗ ಅದರೊಳಗೇ ಇದ್ದವು. ಮುಂದೆ ಯೋಜನೆ ಸೇಲಂ, ದಕ್ಷಿಣ ಆರ್ಕಾಟ್, ಮದುರೈ, ರಾಮನಾಥಪುರಗಳಿಗೂ ಹೋಯಿತು. 1997–98ರಿಂದ ‘ಮಗಳಿರ್ ತಿಟ್ಟಂ’ ಎಂಬ ಹೆಸರಿನಲ್ಲಿ ರಾಜ್ಯದ ತುಂಬ ಹರಡಿತು.

ಸಂಘದ ಕೆಲಸ ಸರಳ, ಆದರೆ ಶಿಸ್ತಿನದು. 12ರಿಂದ 20 ಹೆಂಗಸರು ವಾರಕ್ಕೊಮ್ಮೆ ಸೇರುತ್ತಾರೆ. ಎಲ್ಲರೂ ಒಂದೇ ಮೊತ್ತ ಉಳಿಸುತ್ತಾರೆ. ಹಾಜರಿ, ನಡಾವಳಿ, ಉಳಿತಾಯ, ಸಾಲ ಎಂದು ಬೇರೆ ಬೇರೆ ಪುಸ್ತಕಗಳಲ್ಲಿ ಬರೆಯುತ್ತಾರೆ. ಪ್ರತಿಯೊಬ್ಬರ ಪಾಸ್‌ಬುಕ್ಕಿನಲ್ಲೂ ನಮೂದು ಮಾಡುತ್ತಾರೆ. ಆರು ತಿಂಗಳು ಪುಸ್ತಕ ನೆಟ್ಟಗಿದ್ದರೆ ಬ್ಯಾಂಕು ಜಾಮೀನಿಲ್ಲದೆ ಸಾಲ ಕೊಡಲು ಮುಂದೆ ಬರುತ್ತದೆ. ಮನೆಕಸುಬಿಗೆ ಇಲ್ಲಿ ಸಿಕ್ಕ ಉಚಿತ ಸಾಧನವೆಂದರೆ ಲೆಕ್ಕ ಬರೆಯುವ ಕಲೆ. ಸಂಘದ ಪುಸ್ತಕ ಬರೆಯಲು ಕಲಿತವಳಿಗೆ ತನ್ನ ಹುಣಸೆಹಣ್ಣಿನ ಅಥವಾ ಹಾಲಿನ ಲೆಕ್ಕವನ್ನು ಬೇರೆಯಾಗಿ ಇಡುವುದು ಕಷ್ಟವಲ್ಲ. ಸಂಘ ಸದಸ್ಯೆಯರಿಗೆ ಕೊಟ್ಟ ಸಾಲದ ಬಡ್ಡಿಯೂ ಸಂಘದ ನಿಧಿಗೇ ಸೇರುತ್ತಿದ್ದುದರಿಂದ ಲೇವಾದೇವಿಯವನಿಗೆ ಹೋಗುತ್ತಿದ್ದ ಹಣದ ಒಂದು ಪಾಲು ಊರಲ್ಲೇ ಉಳಿಯಿತು. ಹುಣಸೆಯನ್ನು ಸುಗ್ಗಿಯಲ್ಲಿ ಕೊಂಡು, ಬಿಡಿಸಿ, ಬೆಲೆ ಏರಿದಾಗ ಮಾರುವುದು ಸಂಘಗಳ ಕೈಗೆಟುಕುವ ವ್ಯಾಪಾರವಾಯಿತು. ಜಗುಲಿಯ ಮೇಲಿನ ಕೂಲಿಗೂ ಸ್ವಂತ ವ್ಯಾಪಾರಕ್ಕೂ ನಡುವೆ ಇದ್ದ ಅಂತರ ಕೈಯಲ್ಲಿನ ಹಣದ್ದೇ ಆಗಿತ್ತು.

ಸಂಘ ಮತ್ತು ಕಾರ್ಖಾನೆ

1970ರ ದಶಕದಲ್ಲಿ ರಾಜ್ಯದ ಕೈಗಾರಿಕಾ ಅಭಿವೃದ್ಧಿ ನಿಗಮವಾದ ಸಿಪ್‌ಕಾಟ್ ಹೊಸೂರಿನಲ್ಲಿ ಕೈಗಾರಿಕಾ ಪ್ರದೇಶ ತೆರೆಯಿತು. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಇಲ್ಲಿ ಕಾರ್ಖಾನೆ ಕಟ್ಟಿದವು. ಕಾರ್ಖಾನೆಯ ಸುತ್ತ ಹುಟ್ಟಿದ ಬಡಾವಣೆಗಳಲ್ಲಿ ಊಟ ಕಟ್ಟಿಕೊಡುವುದು, ಹೊಲಿಗೆ, ಮಕ್ಕಳ ಪಾಠ, ಹೂ ಕಟ್ಟುವುದು ಹೀಗೆ ಹೊಸ ಮನೆಕಸುಬುಗಳಿಗೆ ದಾರಿಯಾಯಿತು. ತಳಿ, ಬಾಗಲೂರು, ಬೇರಿಗೆಯ ಕಡೆಯ ಗುಲಾಬಿ ತೋಟಗಳೂ ಹೂವಿನ ಕೆಲಸವನ್ನು ಹೆಚ್ಚಿಸಿದವು.

ಸಂಘ ಮತ್ತು ಕಾರ್ಖಾನೆ ಕೈಜೋಡಿಸಿದ ಒಂದು ಪ್ರಯೋಗ 1990ರ ದಶಕದಲ್ಲಿ ಹೊಸೂರಿನಲ್ಲೇ ನಡೆಯಿತು. ಮೈರಾಡದ ಬೆಂಬಲದಿಂದ ಸ್ವಸಹಾಯ ಸಂಘಗಳ ಹೆಂಗಸರು ಟೈಟಾನ್ ಕಂಪನಿಗೆ ಗಡಿಯಾರದ ಪಟ್ಟಿ ಜೋಡಿಸುವ ಕೆಲಸ ಮತ್ತು ಕ್ಯಾಂಟೀನಿಗೆ ಚಪಾತಿ ಮಾಡಿಕೊಡುವಂಥ ಕೆಲಸಗಳನ್ನು ಕೈಗೆತ್ತಿಕೊಂಡರು. ಈ ಘಟಕಗಳು ಮೆಡೋ ಎಂಬ ಹೆಸರಿನ ಕಂಪನಿಯಾಗಿ ರೂಪುಗೊಂಡವು. ಅದರ ಒಡೆತನ ಹೆಂಗಸರದ್ದೇ. ಸಾಧನ ಮತ್ತು ತರಬೇತಿ ಕೊಂಡುಕೊಳ್ಳುವವರ ಕಡೆಯಿಂದಲೇ ಬಂದದ್ದು ಇದರ ವಿಶೇಷ. ಮಾರಾಟ ಮೊದಲೇ ಗೊತ್ತಾಗಿದ್ದುದರಿಂದ ಕಲಿತ ಕೆಲಸ ವ್ಯರ್ಥವಾಗಲಿಲ್ಲ.

ಹೊಲಿಗೆ ಯಂತ್ರ, ಹಸು, ಗ್ರೈಂಡರು

ತಮಿಳುನಾಡಿನ ರಾಜಕೀಯದಲ್ಲಿ ಉಚಿತ ವಸ್ತುಗಳಿಗೆ ವಿಶೇಷ ಸ್ಥಾನವಿದೆ. ಅವುಗಳಲ್ಲಿ ಕೆಲವು ನೇರವಾಗಿ ಮನೆಕಸುಬಿನ ಸಾಧನಗಳು. ವಿಧವೆಯರು, ಗಂಡ ಬಿಟ್ಟವರು, ಅಂಗವಿಕಲರು ಮತ್ತು ಬಡ ಹೆಂಗಸರಿಗೆ ಸಮಾಜ ಕಲ್ಯಾಣ ಇಲಾಖೆ ಸತ್ಯವಾಣಿ ಮುತ್ತು ಅಮ್ಮೈಯಾರ್ ಹೆಸರಿನಲ್ಲಿ ಹೊಲಿಗೆ ಯಂತ್ರ ಕೊಡುತ್ತದೆ. ಪಡೆಯುವವರಿಗೆ ಹೊಲಿಗೆ ಬರಬೇಕು ಎಂಬ ಷರತ್ತು ಅದಕ್ಕಿದೆ. 2011ರ ಸೆಪ್ಟೆಂಬರ್ 15ರಂದು, ಜಯಲಲಿತಾ ಸರ್ಕಾರದ ಕಾಲದಲ್ಲಿ, ಪಡಿತರ ಚೀಟಿಯ ಕುಟುಂಬಗಳಿಗೆ ಮಿಕ್ಸಿ, ಗ್ರೈಂಡರು, ಫ್ಯಾನು ಕೊಡುವ ಯೋಜನೆ ಆರಂಭವಾಯಿತು. ಬಡ ಹೆಂಗಸರಿಗೆ ಹಾಲು ಕೊಡುವ ಹಸು ಮತ್ತು ನಾಲ್ಕು ಆಡು ಅಥವಾ ಕುರಿ ಕೊಡುವ ಯೋಜನೆಗಳೂ ಅಂದೇ ಶುರುವಾದವು. ಕಂಪನಿ ಕಾಲದಲ್ಲಿ ಸೇನೆಯ ಕುದುರೆಗಳಿಗಾಗಿ 1824ರಲ್ಲಿ ಸ್ಥಾಪನೆಯಾದ ಮತ್ತಿಗಿರಿಯ ಜಾನುವಾರು ಕ್ಷೇತ್ರ ಇರುವ ಈ ಸೀಮೆಯಲ್ಲಿ ಹಸು ಸಾಕುವುದು ಯಾರಿಗೂ ಕಲಿಸಬೇಕಾದ ವಿದ್ಯೆಯಾಗಿರಲಿಲ್ಲ.

ಗ್ರೈಂಡರು ಕೊಟ್ಟದ್ದು ಮನೆಗೆಲಸ ಹಗುರ ಮಾಡಲು. ಆದರೆ ಅದೇ ಯಂತ್ರದಲ್ಲಿ ದೋಸೆ ಹಿಟ್ಟಿನ ವ್ಯಾಪಾರವೂ ಸಾಧ್ಯ. ಅಕ್ಕಿ ಮತ್ತು ಉದ್ದನ್ನು ಬೇರೆ ಬೇರೆಯಾಗಿ ನೆನೆಸಬೇಕು. ಉದ್ದನ್ನು ತಣ್ಣೀರು ಚಿಮುಕಿಸುತ್ತ ನೊರೆ ಬರುವವರೆಗೆ ರುಬ್ಬಬೇಕು, ಅಕ್ಕಿಯನ್ನು ತುಸು ತರಿಯಾಗಿ. ಎರಡನ್ನೂ ಉಪ್ಪು ಹಾಕಿ ಕೈಯಿಂದ ಕಲಸಿ ರಾತ್ರಿ ಹುದುಗಲು ಬಿಡಬೇಕು. ಹುಳಿಯುವ ಮುನ್ನ ಮಾರಬೇಕು. ಸೆಕೆ ಹೆಚ್ಚಾದರೆ ಅವಧಿ ಇನ್ನೂ ಕಡಿಮೆ. ಮೇಲ್ನಾಡಿನ ತಂಪು ಹವೆ ಇದಕ್ಕೆ ತಕ್ಕಮಟ್ಟಿಗೆ ಅನುಕೂಲ. ಆದರೆ ಮನೆಬಳಕೆಯ ಸಣ್ಣ ಗ್ರೈಂಡರನ್ನು ದಿನವಿಡೀ ಓಡಿಸಿದರೆ ಮೋಟಾರು ಕಾಯುತ್ತದೆ. ಹತ್ತು ಮನೆಗೆ ಹಿಟ್ಟು ಕೊಡುವವರೆಗೆ ಅದು ಸಾಕು. ಐವತ್ತು ಮನೆಗೆ ದೊಡ್ಡ ಯಂತ್ರ ಕೊಳ್ಳಲೇಬೇಕು. ಉಚಿತ ಸಾಧನ ವ್ಯಾಪಾರವನ್ನು ಆರಂಭಿಸಿಕೊಡುತ್ತದೆ, ಬೆಳೆಸಲು ಸಾಲ ಬೇಕಾಗುತ್ತದೆ. 2015ರ ಏಪ್ರಿಲ್‌ನಲ್ಲಿ ಬಂದ ಮುದ್ರಾ ಯೋಜನೆಯ ‘ಶಿಶು’ ವರ್ಗದಲ್ಲಿ 50,000 ರೂಪಾಯಿವರೆಗೆ ಜಾಮೀನಿಲ್ಲದ ಸಾಲ ಇಂಥವರಿಗೇ ಇರುವುದು. 2020ರ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಸಂಘದ ಸದಸ್ಯೆಯೊಬ್ಬರಿಗೆ 40,000 ರೂಪಾಯಿವರೆಗೆ ಆರಂಭಿಕ ಬಂಡವಾಳ ಸಿಗುತ್ತದೆ. ಆ ಯೋಜನೆ ಜಿಲ್ಲೆಗೊಂದು ಉತ್ಪನ್ನವನ್ನು ಆರಿಸಿದಾಗ ಕೃಷ್ಣಗಿರಿಗೆ ಬಂದದ್ದು ಮಾವು.

ಕಾಗದ ಮತ್ತು ಫೋನು

ಬಹುಕಾಲ ಮನೆಕಸುಬಿಗೆ ಕಾಗದದ ಅಸ್ತಿತ್ವವೇ ಇರಲಿಲ್ಲ. ಬ್ಯಾಂಕು ಸಾಲಕ್ಕೆ ಪುರಾವೆ ಕೇಳಿದರೆ ತೋರಿಸಲು ಏನೂ ಇರುತ್ತಿರಲಿಲ್ಲ. ಸಣ್ಣ ಉದ್ಯಮಗಳಿಗೆ 2015ರಲ್ಲಿ ಬಂದ ಉದ್ಯೋಗ್ ಆಧಾರ್ ನೋಂದಣಿ ಈ ಕೊರತೆಯನ್ನು ತುಂಬಲು ಹೊರಟಿತು. 2020ರ ಜುಲೈ 1ರಿಂದ ಅದರ ಜಾಗಕ್ಕೆ ಉದ್ಯಮ್ ನೋಂದಣಿ ಬಂತು. ಇದಕ್ಕೆ ಶುಲ್ಕವಿಲ್ಲ, ದಾಖಲೆ ಲಗತ್ತಿಸಬೇಕಿಲ್ಲ; ಆಧಾರ್ ಸಂಖ್ಯೆ ಮತ್ತು ಪ್ಯಾನ್ ಸಾಕು. ಪ್ಯಾನ್ ಮುಂತಾದವು ಇಲ್ಲದ ಅತಿ ಸಣ್ಣ ಕಸುಬುಗಳಿಗೆ 2023ರಲ್ಲಿ ಉದ್ಯಮ್ ಅಸಿಸ್ಟ್ ಎಂಬ ಇನ್ನೊಂದು ದಾರಿ ತೆರೆಯಿತು. ತಿಂಡಿ ಮಾರುವವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇರೆ. ವಾರ್ಷಿಕ ವಹಿವಾಟು 12 ಲಕ್ಷಕ್ಕಿಂತ ಕಡಿಮೆಯಿದ್ದರೆ ಅದಕ್ಕೆ ವರ್ಷಕ್ಕೆ 100 ರೂಪಾಯಿ ಶುಲ್ಕ. ಉಚಿತ ನೋಂದಣಿಯನ್ನು ಹಣ ತೆಗೆದುಕೊಂಡು ಮಾಡಿಕೊಡುವ ಜಾಲತಾಣಗಳೂ ಹುಟ್ಟಿಕೊಂಡದ್ದರಿಂದ, ಸರ್ಕಾರದ ತಾಣದ ಹೊರತು ಬೇರೆಲ್ಲೂ ಹೋಗಬೇಡಿ ಎಂದು ಸಣ್ಣ ಉದ್ಯಮಗಳ ಸಚಿವಾಲಯವೇ ಎಚ್ಚರಿಸಬೇಕಾಯಿತು.

ಇದೇ ಅವಧಿಯಲ್ಲಿ ಫೋನು ಅಂಗಡಿಯಾಯಿತು. 2016ರಲ್ಲಿ ಯುಪಿಐ ಬಂತು. ಅದೇ ವರ್ಷ ಅಗ್ಗದ ಡೇಟಾ ಹಳ್ಳಿಗಳಿಗೂ ತಲುಪತೊಡಗಿತು. 2018ರ ಜನವರಿಯಲ್ಲಿ ವಾಟ್ಸ್ಆ್ಯಪ್ ಬಿಸಿನೆಸ್ ಬಂದ ಮೇಲೆ ಸೀರೆ, ಕುಪ್ಪಸ, ತಿಂಡಿಗಳ ಚಿತ್ರ ಮತ್ತು ಬೆಲೆಯ ಪಟ್ಟಿಯನ್ನು ಹಣ ಖರ್ಚಿಲ್ಲದೆ ಗಿರಾಕಿಗಳ ಮುಂದಿಡಲು ಸಾಧ್ಯವಾಯಿತು. ಸೀರೆ, ಬಟ್ಟೆಯ ಸಗಟು ವ್ಯಾಪಾರಕ್ಕೆ ಹೆಸರಾದ ಬರ್ಗೂರು ಇದೇ ಜಿಲ್ಲೆಯಲ್ಲಿದೆ. ಅಲ್ಲಿಂದ ಹತ್ತು ಸೀರೆ ತಂದು ಮನೆಯಲ್ಲೇ ಮಾರುವವರಿಗೆ ಇದು ಹೇಳಿಮಾಡಿಸಿದ ಸಾಧನ. ಮೂರು ಮಾತಿನ ಸೀಮೆಯಲ್ಲಿ ಬರೆಯುವ ತೊಡಕನ್ನೂ ಫೋನು ಕಡಿಮೆ ಮಾಡಿತು. ಕನ್ನಡ ಮಾತಾಡಿ ತಮಿಳು ಓದಲು ಬರದವರೂ ಧ್ವನಿ ಸಂದೇಶ ಕಳಿಸಬಹುದು. ಹಣ ಬಂದದ್ದನ್ನು ಸೌಂಡ್‌ಬಾಕ್ಸ್ ಕೂಗಿ ಹೇಳುತ್ತದೆ. ಸರ್ಕಾರದ ಅರ್ಜಿ ನಮೂನೆಗಳಲ್ಲಿ ಮಾತ್ರ ತಮಿಳು ಮತ್ತು ಇಂಗ್ಲಿಷ್‌ನದೇ ಮೇಲುಗೈ. ಕನ್ನಡದಲ್ಲಿ ಓದಿದ ಗಡಿಹಳ್ಳಿಯ ಹೆಂಗಸರು ಅರ್ಜಿ ತುಂಬಲು ಇ-ಸೇವಾ ಕೇಂದ್ರಕ್ಕೋ, ತಮಿಳು ಕಲಿತ ಮನೆಯ ಮಕ್ಕಳ ಹತ್ತಿರಕ್ಕೋ ಹೋಗಬೇಕು.

ಹತಾರದ ಯೋಜನೆ ಮತ್ತೆ ಬಂದದ್ದು 2023ರ ಸೆಪ್ಟೆಂಬರ್ 17ರಂದು, ಪಿಎಂ ವಿಶ್ವಕರ್ಮ ಎಂಬ ಹೆಸರಿನಲ್ಲಿ. 18 ಕಸುಬುಗಳವರಿಗೆ ತರಬೇತಿ ಮತ್ತು ಹತಾರ ಕೊಳ್ಳಲು 15,000 ರೂಪಾಯಿಯ ಇ-ವೋಚರ್ ಅದರಲ್ಲಿದೆ. ಕುಲಕಸುಬಿನ ಷರತ್ತು ಜಾತಿಕಟ್ಟನ್ನು ಗಟ್ಟಿ ಮಾಡುತ್ತದೆ ಎಂದು ಆಕ್ಷೇಪಿಸಿ ತಮಿಳುನಾಡು ಸರ್ಕಾರ ಅದನ್ನು ಜಾರಿ ಮಾಡಲಿಲ್ಲ. ಬದಲಿಗೆ ಕಲೈಞರ್ ಕೈವಿನೈ ತಿಟ್ಟಂ ತಂದಿತು. ಅದರಲ್ಲಿ 25 ಕಸುಬುಗಳಿಗೆ 3 ಲಕ್ಷ ರೂಪಾಯಿವರೆಗೆ ಸಾಲ, ಶೇ 25ರ ಲೆಕ್ಕದಲ್ಲಿ 50,000 ರೂಪಾಯಿವರೆಗೆ ಸಹಾಯಧನ ಇದೆ. ಹೀಗಾಗಿ ಗಡಿಯ ಆಚೆ ಆನೇಕಲ್ಲಿನ ಕುಂಬಾರನಿಗೆ ಒಂದು ಯೋಜನೆ, ಈಚೆ ಹೊಸೂರಿನ ಕುಂಬಾರನಿಗೆ ಇನ್ನೊಂದು.

ಗಡಿಯ ಲೆಕ್ಕ

ಗಡಿ ಇನ್ನೊಂದು ರೀತಿಯಲ್ಲೂ ಮನೆಕಸುಬನ್ನು ತಟ್ಟುತ್ತದೆ. 2017ರ ಜುಲೈ 1ರಂದು ಬಂದ ಜಿಎಸ್‌ಟಿಯಲ್ಲಿ ಸಣ್ಣವರಿಗೆ ವಿನಾಯಿತಿ ಇದೆ. 2019ರ ಏಪ್ರಿಲ್‌ನಿಂದ ತಮಿಳುನಾಡಿನಲ್ಲಿ ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ಮೀರುವವರೆಗೆ ನೋಂದಣಿ ಬೇಕಿಲ್ಲ. ಆದರೆ ಈ ವಿನಾಯಿತಿ ರಾಜ್ಯದೊಳಗಿನ ಮಾರಾಟಕ್ಕೆ. ತೆರಿಗೆಗೆ ಒಳಪಟ್ಟ ಸರಕನ್ನು ಇನ್ನೊಂದು ರಾಜ್ಯಕ್ಕೆ ಮಾರಿದರೆ ವಹಿವಾಟು ಎಷ್ಟೇ ಸಣ್ಣದಿರಲಿ, ನೋಂದಣಿ ಕಡ್ಡಾಯ. ಕೆಲವು ಕರಕುಶಲ ವಸ್ತುಗಳಿಗೆ ಮಾತ್ರ ಸಡಿಲಿಕೆಯಿದೆ. 2023ರ ಅಕ್ಟೋಬರ್ 1ರಿಂದ ಆನ್‌ಲೈನ್ ಮಾರುಕಟ್ಟೆಗಳಲ್ಲಿ ನೋಂದಣಿಯಿಲ್ಲದೆ ಮಾರಲು ಸಣ್ಣವರಿಗೆ ಕೊಟ್ಟ ಅವಕಾಶವೂ ರಾಜ್ಯದ ಗಡಿಯೊಳಗಿನ ಮಾರಾಟಕ್ಕೇ ಸೀಮಿತ.

ಕೊಯಮತ್ತೂರಿನಂಥ ಒಳನಾಡಿನ ಊರಿಗೆ ಈ ನಿಯಮದ ಬಿಸಿ ಅಷ್ಟಾಗಿ ತಾಗದು. ಹೊಸೂರಿಗೆ ಹತ್ತಿರದ ದೊಡ್ಡ ಪೇಟೆ ಇರುವುದೇ ಇನ್ನೊಂದು ರಾಜ್ಯದಲ್ಲಿ. ಇಲ್ಲಿನ ಮನೆಯಲ್ಲಿ ಹೊಲಿದ ಕುಪ್ಪಸವನ್ನೋ ಮಾಡಿದ ಉಪ್ಪಿನಕಾಯಿಯನ್ನೋ ದೂರದ ಕನ್ಯಾಕುಮಾರಿಗೆ ನೋಂದಣಿಯಿಲ್ಲದೆ ಮಾರಬಹುದು, ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಅತ್ತಿಬೆಲೆಗೆ ಮಾರುವಂತಿಲ್ಲ. ಜಿಎಸ್‌ಟಿ ನೋಂದಣಿಗೂ ಶುಲ್ಕವಿಲ್ಲ. ಆದರೆ ಪಡೆದ ಮೇಲೆ ವಹಿವಾಟು ಇರಲಿ ಇಲ್ಲದಿರಲಿ ಕಾಲಕಾಲಕ್ಕೆ ರಿಟರ್ನ್ ಸಲ್ಲಿಸಬೇಕು, ತಡವಾದರೆ ದಂಡ ಕಟ್ಟಬೇಕು. ಲೆಕ್ಕಿಗನಿಗೆ ಕೊಡುವ ಹಣ ತಿಂಗಳ ಲಾಭಕ್ಕಿಂತ ಹೆಚ್ಚಾದರೆ ನೋಂದಣಿ ಉಚಿತವಾಗಿದ್ದೂ ದುಬಾರಿಯಾಗುತ್ತದೆ. ಅಂಥ ಮನೆಗಳಿಗೆ ಉಳಿಯುವ ದಾರಿ ಎರಡು: ಹೊಸೂರಿನ ಬಡಾವಣೆಗಳಿಗಷ್ಟೇ ಮಾರುವುದು, ಇಲ್ಲವೇ ನೋಂದಣಿ ಇರುವ ವ್ಯಾಪಾರಿಯ ಮೂಲಕ ಸರಕನ್ನು ಬೆಂಗಳೂರಿಗೆ ಕಳಿಸಿ ಲಾಭದ ಒಂದು ಪಾಲನ್ನು ಅವನಿಗೆ ಬಿಡುವುದು.